ಕೇಳಿಕೊಂಡು ಹೋಗಬೇಕಾದ ಹಣ

ಹೊರನಾಡ ಕನ್ನಡಿಗರ ಮನೆಗಳಲ್ಲಿ ಹಣದ ವ್ಯವಹಾರ ಒಂದೇ ಊರಿಗೆ ಸೀಮಿತವಾಗಿರುವುದು ಅಪರೂಪ. ಅಜ್ಜನ ಕಾಲಕ್ಕೆ ಉಡುಪಿಯಿಂದಲೋ ಧಾರವಾಡದಿಂದಲೋ ಮುಂಬೈಗೆ ಬಂದ ಕುಟುಂಬಕ್ಕೆ ಊರಿನಲ್ಲಿ ಇನ್ನೂ ಒಂದು ತುಂಡು ಗದ್ದೆ ಇರುತ್ತದೆ; ಮುಂಬೈಯಲ್ಲೋ ಪುಣೆಯಲ್ಲೋ ಒಂದು ಮನೆ ಇರುತ್ತದೆ; ಮಗನೋ ಮಗಳೋ ಅಮೆರಿಕದ ಯಾವುದೋ ನಗರದಲ್ಲಿ ದುಡಿಯುತ್ತಿರುತ್ತಾರೆ, ಇಲ್ಲವೆ ಕೆಲವು ವರ್ಷ ದುಡಿದು ಹಿಂತಿರುಗಿರುತ್ತಾರೆ. ಇಂಥ ಮನೆಯ ವಿಳಾಸ ಹುಡುಕಿಕೊಂಡು ಒಮ್ಮೊಮ್ಮೆ ಉದ್ದನೆಯ ಲಕೋಟೆಯೊಂದು ಬರುತ್ತದೆ. ಒಳಗೆ ಡಾಲರಿನ ಚೆಕ್ಕು. ಅದು ಹೆಚ್ಚಾಗಿ ಕಡಿತವಾಗಿದ್ದ ಆದಾಯ ತೆರಿಗೆಯ ಮರುಪಾವತಿಯಾಗಿರಬಹುದು, ವಿಮೆಯ ಬಾಕಿಯಾಗಿರಬಹುದು, ಖಾಲಿ ಮಾಡಿ ಬಂದ ಬಾಡಿಗೆ ಮನೆಯ ಮುಂಗಡದ ಹಣವಾಗಿರಬಹುದು, ಅನುವಾದಿಸಿಕೊಟ್ಟ ಕತೆಯೊಂದಕ್ಕೆ ಅಲ್ಲಿನ ಪತ್ರಿಕೆ ಕಳುಹಿಸಿದ ಗೌರವಧನವೂ ಆಗಿರಬಹುದು. ಚೆಕ್ಕು ಬಂದ ಸಂತೋಷ ಸಾಮಾನ್ಯವಾಗಿ ಬ್ಯಾಂಕಿನ ಕೌಂಟರನ್ನು ಮುಟ್ಟುವವರೆಗೆ ಉಳಿದಿರುತ್ತದೆ.

ನಮ್ಮ ಬಳಗದ ಮಾತುಕತೆಗಳಲ್ಲಿ ಈ ವಿಷಯ ಪದೇ ಪದೇ ಬರುತ್ತಿದೆ. ಸಾಹಿತ್ಯದ ಬಳಗಕ್ಕೂ ಬ್ಯಾಂಕಿನ ಚೆಕ್ಕಿಗೂ ಏನು ಸಂಬಂಧವೆಂದು ಕೇಳುವವರಿಗೆ ನಮ್ಮ ಉತ್ತರ ಸರಳವಾದುದು. ದೂರವೆಂಬುದು ನಮ್ಮೆಲ್ಲರ ಬದುಕಿನ ಸ್ಥಾಯಿ ವಿಷಯ. ಭಾಷೆಯನ್ನು ದೂರಕ್ಕೆ ಸಾಗಿಸುವ ವೆಚ್ಚವನ್ನು ಕುರಿತು ನಾವು ಬೇಕಾದಷ್ಟು ಬರೆದಿದ್ದೇವೆ. ಹಣವನ್ನು ದೂರಕ್ಕೆ ಸಾಗಿಸುವ ವೆಚ್ಚವನ್ನು ಯಾರು ಹೊರುತ್ತಿದ್ದಾರೆ ಎಂಬುದನ್ನೂ ಒಮ್ಮೆ ನೋಡಬೇಕು. ಹಣ ಕೊಡಬೇಕಾದವನು ತನಗೆ ಅನುಕೂಲವಾದ ರೂಪದಲ್ಲಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಅದನ್ನು ನಿಜವಾದ ಹಣವನ್ನಾಗಿ ಮಾಡಿಕೊಳ್ಳುವ ಅಲೆದಾಟ, ವಿಳಂಬ, ವೆಚ್ಚ, ಅಪಾಯಗಳೆಲ್ಲ ಪಡೆಯುವವನ ಪಾಲಾಗುತ್ತವೆ. ಇದು ಅನ್ಯಾಯವೆಂಬುದು ನಮ್ಮ ಅಭಿಪ್ರಾಯ. ದೂರದ ಕೂಲಿಯನ್ನು ಹಣ ಕಳುಹಿಸುವವನೇ ತೆರಬೇಕು.

ಮೊದಲು ಕೌಂಟರಿನ ಆಚೆ ಏನು ನಡೆಯುತ್ತದೆಂಬುದನ್ನು ತಿಳಿಯೋಣ. ನಮ್ಮ ದೇಶದೊಳಗಿನ ಚೆಕ್ಕು ಇಂದು ಬಲು ಚುರುಕಾಗಿದೆ. 2008ರ ಫೆಬ್ರವರಿಯಲ್ಲಿ ದೆಹಲಿ ಪ್ರದೇಶದಲ್ಲಿ ಆರಂಭವಾಗಿ, 2011ರಲ್ಲಿ ಚೆನ್ನೈಗೆ, 2013ರಲ್ಲಿ ಮುಂಬೈಗೆ ಬಂದ ವ್ಯವಸ್ಥೆಯಲ್ಲಿ ಕಾಗದ ಪ್ರಯಾಣ ಮಾಡುವುದೇ ಇಲ್ಲ. ಅದರ ಚಿತ್ರ ಮಾತ್ರ ಒಂದು ಬ್ಯಾಂಕಿನಿಂದ ಇನ್ನೊಂದು ಬ್ಯಾಂಕಿಗೆ ಹೋಗುತ್ತದೆ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳನ್ನು ಕಂತೆ ಕಟ್ಟಿ ಕಾಯಿಸದೆ, ಬಂದಹಾಗೆಯೇ ದಿನವಿಡೀ ತೀರುವೆಗೆ ಕಳುಹಿಸುವ ಪದ್ಧತಿಯೂ ಜಾರಿಗೆ ಬಂದಿದೆ. ಚೆಕ್ಕಿನ ಕೆಳಅಂಚಿನಲ್ಲಿ ಕಾಂತೀಯ ಶಾಯಿಯಲ್ಲಿ ಮುದ್ರಿತವಾದ ಒಂಬತ್ತು ಅಂಕಿಗಳ ಸಂಖ್ಯೆಯೇ ಇದಕ್ಕೆಲ್ಲ ಕೀಲಿಕೈ. ಅದರ ಮೊದಲ ಮೂರು ಅಂಕಿಗಳು ಊರನ್ನು ಹೇಳುತ್ತವೆ: ಮುಂಬೈಗೆ 400, ಪುಣೆಗೆ 411, ಬೆಂಗಳೂರಿಗೆ 560. ಮುಂದಿನ ಮೂರು ಬ್ಯಾಂಕನ್ನೂ ಕೊನೆಯ ಮೂರು ಶಾಖೆಯನ್ನೂ ಸೂಚಿಸುತ್ತವೆ.

ಅಮೆರಿಕದ ಚೆಕ್ಕಿನ ಕೆಳಗೂ ಒಂಬತ್ತು ಅಂಕಿಗಳಿವೆ. ಅಕ್ಷರದ ಅಚ್ಚೂ ಅದೇ. ಆದರೆ ಅರ್ಥ ಬೇರೆ. ಅಲ್ಲಿನ ಮೊದಲ ನಾಲ್ಕು ಅಂಕಿಗಳು ಅಲ್ಲಿನ ಫೆಡರಲ್ ರಿಸರ್ವ್ ವ್ಯವಸ್ಥೆಯ ವಿಭಾಗವನ್ನೂ ಮುಂದಿನ ನಾಲ್ಕು ಬ್ಯಾಂಕನ್ನೂ ಹೇಳುತ್ತವೆ. ಒಂಬತ್ತನೆಯದು ಉಳಿದವು ಸರಿಯಾಗಿವೆಯೇ ಎಂದು ತಾಳೆ ನೋಡುವ ಅಂಕಿ. ಲಿಪಿ ಒಂದೇ ಆಗಿದ್ದು ಭಾಷೆ ಬೇರೆಯಾದ ಎರಡು ಪುಸ್ತಕಗಳಂತೆ ಈ ಎರಡು ಚೆಕ್ಕುಗಳು. ನಮ್ಮ ಯಂತ್ರ ಆ ಸಾಲನ್ನು ಓದಬಲ್ಲದು, ಆದರೆ ಆ ವಿಳಾಸಕ್ಕೆ ಹೋಗಲು ನಮ್ಮ ವ್ಯವಸ್ಥೆಯಲ್ಲಿ ದಾರಿಯಿಲ್ಲ. ದಿನಾಂಕದ ಗೊಂದಲವೂ ಸೇರಿಕೊಳ್ಳುತ್ತದೆ. 04/09 ಎಂದಿದ್ದರೆ ನಮ್ಮ ಗುಮಾಸ್ತರಿಗೆ ಅದು ಸೆಪ್ಟೆಂಬರ್ 4. ಬರೆದವರಿಗೆ ಏಪ್ರಿಲ್ 9. ಮುದ್ದತಿಯೂ ಒಂದೇ ಅಲ್ಲ. ನಮ್ಮಲ್ಲಿ 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಮೂರು ತಿಂಗಳು. ಅಮೆರಿಕದಲ್ಲಿ ಆರು ತಿಂಗಳು ಕಳೆದ ಸಾಮಾನ್ಯ ಚೆಕ್ಕಿಗೆ ಹಣ ಕೊಡಲೇಬೇಕೆಂಬ ಕಟ್ಟುಪಾಡು ಬ್ಯಾಂಕಿಗಿಲ್ಲ. ಅಲ್ಲಿನ ಸರ್ಕಾರಿ ಖಜಾನೆಯ ಚೆಕ್ಕಿಗೆ ಒಂದು ವರ್ಷದ ಅವಧಿಯಿದೆ.

ಚೆಕ್ಕಿಗೆ ಒಂದು ತವರಿದೆ ಎಂದು ಹೇಳಬಹುದು. ಅದು ಯಾವ ಊರಿನಲ್ಲಿ ಪಾವತಿಯಾಗಬೇಕೋ ಅದೇ ಅದರ ತವರು. ನಮ್ಮ 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಯೂ ಇದನ್ನು ಒಪ್ಪುತ್ತದೆ: ಚೆಕ್ಕೊಂದು ಬರೆದ ಸ್ಥಳಕ್ಕಿಂತ ಬೇರೆ ಸ್ಥಳದಲ್ಲಿ ಪಾವತಿಯಾಗಬೇಕಿದ್ದರೆ, ಅದು ಅಮಾನ್ಯವಾಯಿತೇ ಇಲ್ಲವೇ ಎಂಬುದನ್ನು ಪಾವತಿಯ ಸ್ಥಳದ ಕಾನೂನು ತೀರ್ಮಾನಿಸುತ್ತದೆಂದು ಅದರ 135ನೆಯ ಕಲಂ ಹೇಳುತ್ತದೆ. ಆದ್ದರಿಂದ ಮುಂಬೈಯಲ್ಲಿ ಕಟ್ಟಿದ ನ್ಯೂಯಾರ್ಕಿನ ಚೆಕ್ಕು ಮತ್ತೆ ತನ್ನ ತವರಿಗೇ ಹೋಗಿ ಹಣ ಕೇಳಬೇಕು. ಶಾಖೆ ಅದನ್ನು ತನ್ನ ವಿದೇಶಿ ವಿನಿಮಯ ವಿಭಾಗಕ್ಕೆ ಕಳುಹಿಸುತ್ತದೆ. ಆ ವಿಭಾಗ ಅಮೆರಿಕದಲ್ಲಿ ತನ್ನ ಖಾತೆಯಿರುವ ಪ್ರತಿನಿಧಿ ಬ್ಯಾಂಕಿಗೆ ಕಳುಹಿಸುತ್ತದೆ. ಆ ಬ್ಯಾಂಕು ಚೆಕ್ಕು ಬರೆದವನ ಬ್ಯಾಂಕನ್ನು ಕೇಳುತ್ತದೆ. ಹಣ ಸಿಕ್ಕಿದರೆ ಅದೇ ದಾರಿಯಲ್ಲಿ ಮೆಟ್ಟಿಲಿಳಿದು ಬರುತ್ತದೆ. ಇದಕ್ಕೆ 'ಕಲೆಕ್ಷನ್‌ಗೆ ಕಳುಹಿಸುವುದು' ಎಂದು ಹೆಸರು. ವಾರಗಳ ಲೆಕ್ಕದ ಕೆಲಸವಿದು, ತಿಂಗಳಾದರೂ ಅಚ್ಚರಿಪಡಬೇಕಾಗಿಲ್ಲ.

ಹಣದ ಪಾವತಿಯಲ್ಲಿ ಎರಡು ಬಗೆಗಳಿವೆ. ಒಂದು, ಕೊಡುವವನು ತನ್ನ ಬ್ಯಾಂಕಿಗೆ ಹೇಳಿ ಪಡೆಯುವವನ ಖಾತೆಗೆ ಹಣವನ್ನು ತಳ್ಳುವುದು. ಇನ್ನೊಂದು, ಪಡೆಯುವವನ ಕೈಗೆ ಒಂದು ಕಾಗದ ಕೊಟ್ಟು, ಹೋಗಿ ಕೇಳಿಕೊ ಎನ್ನುವುದು. ಮೊದಲನೆಯದು ತಾನಾಗಿ ಬರುವ ಹಣ. ಎರಡನೆಯದು ಕೇಳಿಕೊಂಡು ಹೋಗಬೇಕಾದ ಹಣ. ಚೆಕ್ಕು ಎರಡನೆಯ ಜಾತಿಗೆ ಸೇರಿದ್ದು. ಒಂದೇ ಊರಿನಲ್ಲಿ, ಒಂದೇ ದೇಶದಲ್ಲಿ ಕೇಳಿಕೊಂಡು ಹೋಗುವುದು ದೊಡ್ಡ ಕಷ್ಟವಲ್ಲ. ಸಮುದ್ರ ದಾಟಿ ಕೇಳಬೇಕಾದಾಗ ಮಾತ್ರ ಈ ಭೇದದ ಭಾರ ತಿಳಿಯುತ್ತದೆ.

ನಮ್ಮ ಬಳಗದ ಹಿರಿಯ ಸದಸ್ಯರೊಬ್ಬರು ಪುಣೆಯಲ್ಲಿ ಇಂಥದೊಂದು ತೆರಿಗೆ ಮರುಪಾವತಿಯ ಚೆಕ್ಕು ಹಿಡಿದು ಮೂರು ಶಾಖೆಗಳನ್ನು ಸುತ್ತಿದರು. ಮೊದಲನೆಯದರಲ್ಲಿ, ಈ ಸೇವೆ ನಿಲ್ಲಿಸಿದ್ದೇವೆ ಎಂದರು. ಎರಡನೆಯದರಲ್ಲಿ, ಹಾಗೊಂದು ಸೇವೆ ಇತ್ತೆಂಬುದೇ ಎದುರಿಗಿದ್ದ ತರುಣನಿಗೆ ತಿಳಿದಿರಲಿಲ್ಲ. ಮೂರನೆಯದರಲ್ಲಿ ಮ್ಯಾನೇಜರು ಸೌಜನ್ಯದಿಂದ ಕೂರಿಸಿ, ಅರ್ಜಿ ಬರೆಸಿಕೊಂಡು, ಚೆಕ್ಕನ್ನು ಸ್ವೀಕರಿಸಿದರು. ಎರಡು ತಿಂಗಳ ನಂತರ ಖಾತೆಗೆ ಹಣ ಬಂದಿತು. ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಬಂದಿತು. ಎಲ್ಲಿ ಎಷ್ಟು ಕಡಿತವಾಯಿತೆಂದು ಹೇಳುವ ಚೀಟಿ ಯಾವುದೂ ಅದರೊಂದಿಗೆ ಬರಲಿಲ್ಲ. ಎಪ್ಪತ್ತೆರಡು ವರ್ಷದ ಅವರು ಸೌಜನ್ಯಕ್ಕೆ ಕೃತಜ್ಞರಾಗಿದ್ದರು. ಸೌಜನ್ಯ ದೊಡ್ಡದೇ; ಆದರೆ ತನ್ನದೇ ಹಣವನ್ನು ಪಡೆಯುವುದು ಒಬ್ಬ ಅಧಿಕಾರಿಯ ಒಳ್ಳೆಯತನವನ್ನು ಅವಲಂಬಿಸಿರಬೇಕೆ?

ಕಡಿತಗಳ ಲೆಕ್ಕವನ್ನೂ ನೋಡೋಣ. ನಮ್ಮ ಬ್ಯಾಂಕಿನ ವಸೂಲಿ ಶುಲ್ಕ, ಅಂಚೆ ಅಥವಾ ಕೊರಿಯರಿನ ವೆಚ್ಚ, ಅಮೆರಿಕದ ಪ್ರತಿನಿಧಿ ಬ್ಯಾಂಕಿನ ಶುಲ್ಕ, ಡಾಲರನ್ನು ರೂಪಾಯಿಯಾಗಿಸುವಾಗ ದರದಲ್ಲಿ ಬಿಡುವ ಅಂತರ, ಇವುಗಳ ಮೇಲೆ ಜಿಎಸ್‌ಟಿ. ವಿನಿಮಯದ ಮೇಲಿನ ತೆರಿಗೆಗೆ ಕನಿಷ್ಠ ಮೌಲ್ಯ 250 ರೂಪಾಯಿ ಎಂದು ನಿಯಮವಿರುವುದರಿಂದ, ಎಷ್ಟೇ ಸಣ್ಣ ಮೊತ್ತವಾದರೂ ಆ ಬಾಬಿನಲ್ಲಿ 45 ರೂಪಾಯಿ ಹೋಗುತ್ತದೆ. ಅದು ಚಿಲ್ಲರೆ ಎನ್ನಿ. ಆದರೆ ಈ ಶುಲ್ಕಗಳಲ್ಲಿ ಬಹುಪಾಲು ಮೊತ್ತಕ್ಕೆ ತಕ್ಕಂತೆ ಕುಗ್ಗುವುದಿಲ್ಲವೆಂಬುದೇ ಮುಖ್ಯ. ಐದು ಸಾವಿರ ಡಾಲರಿನ ಚೆಕ್ಕಿಗೆ ಅವು ಸೊಳ್ಳೆ ಕಚ್ಚಿದಂತೆ. ಇಪ್ಪತ್ತೈದು ಡಾಲರಿನ ಗೌರವಧನವನ್ನು ಅವು ನುಂಗಿಯೇ ಬಿಡಬಹುದು. ಸಣ್ಣ ಚೆಕ್ಕು ಬರುವುದು ಸಾಮಾನ್ಯವಾಗಿ ಸಣ್ಣ ಸಂಪಾದನೆಯವರಿಗೆ, ಹವ್ಯಾಸಿ ಅನುವಾದಕರಿಗೆ, ವಿದ್ಯಾರ್ಥಿಗಳಿಗೆ. ಅವರು ಅದನ್ನು ಬ್ಯಾಂಕಿಗೆ ಕೊಂಡೊಯ್ಯದೆ ಪುಸ್ತಕದ ನಡುವೆ ಇಟ್ಟು ಮರೆತುಬಿಡುವುದೇ ಹೆಚ್ಚು.

ವೆಚ್ಚಕ್ಕಿಂತ ದೊಡ್ಡದು ಅಪಾಯ. ಜಮೆ ಬೇರೆ, ವಸೂಲಿ ಬೇರೆ. ಕೆಲವು ವ್ಯವಸ್ಥೆಗಳಲ್ಲಿ ಬ್ಯಾಂಕು ಚೆಕ್ಕನ್ನು ಪಡೆದ ಕೆಲವು ದಿನಗಳಲ್ಲೇ ಖಾತೆಗೆ ಹಣ ತೋರಿಸುತ್ತದೆ. ಆದರೆ ಅದು ತಾತ್ಕಾಲಿಕ ಜಮೆ. ಚೆಕ್ಕು ತವರಿನಲ್ಲಿ ತಿರಸ್ಕೃತವಾದರೆ ಆ ಹಣವನ್ನು ಬ್ಯಾಂಕು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಪಾಸ್‌ಬುಕ್ಕಿನಲ್ಲಿ ಅಂಕಿ ಕಂಡೊಡನೆ ಹಣ ನಮ್ಮದಾಯಿತೆಂದು ನಂಬುವವರ ಮೇಲೆಯೇ ಮೋಸಗಾರರ ಕಣ್ಣು. ಅವರ ವಿಧಾನ ಹಳೆಯದು. ವಸ್ತುವೊಂದನ್ನು ಕೊಳ್ಳುವೆನೆಂದೋ, ಮನೆ ಬಾಡಿಗೆಗೆ ಬೇಕೆಂದೋ, ಕೆಲಸ ಮಾಡಿಕೊಡಿರೆಂದೋ ಹೇಳಿ ಒಪ್ಪಿದ ಮೊತ್ತಕ್ಕಿಂತ ಹೆಚ್ಚಿನ ಚೆಕ್ಕು ಕಳುಹಿಸುತ್ತಾರೆ. ಹೆಚ್ಚಾದುದನ್ನು ಕೂಡಲೇ ಹಿಂತಿರುಗಿಸಿ ಎನ್ನುತ್ತಾರೆ. ಪಡೆದವರು ತಮ್ಮ ನಿಜವಾದ ಹಣವನ್ನು ಕಳುಹಿಸಿದ ಮೇಲೆ ಚೆಕ್ಕು ನಕಲಿಯೆಂದು ತಿಳಿಯುತ್ತದೆ. ಅಮೆರಿಕದಲ್ಲಿ ಓದಲು ಹೋದ ನಮ್ಮ ಮಕ್ಕಳಿಗೂ ಈ ಬಲೆ ಬೀಸಲಾಗುತ್ತದೆ. ಜಮೆಯಾದ ಹಣವನ್ನು ಇಂತಿಷ್ಟು ದಿನದೊಳಗೆ ತೆಗೆಯಲು ಬಿಡಬೇಕೆಂದು ಅಲ್ಲಿನ ನಿಯಮ ಹೇಳುತ್ತದೆ. ಚೆಕ್ಕು ಅಸಲಿಯೆಂದು ಅದು ಹೇಳುವುದಿಲ್ಲ. ಈ ಒಂದು ಭೇದವನ್ನು ಊರು ಬಿಡುವ ಪ್ರತಿ ವಿದ್ಯಾರ್ಥಿಗೂ ತಿಳಿಸಿಯೇ ಕಳುಹಿಸಬೇಕು.

ಇಷ್ಟೆಲ್ಲ ತೊಡಕು ದೂರಕ್ಕೆ ಸಹಜವಾದುದು, ಯಾರೇನು ಮಾಡಲಾದೀತು ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ದೂರ ಹೊಸದಲ್ಲ. ಮುಂಬೈಯ ಹೋಟೆಲುಗಳಲ್ಲಿ ದುಡಿದ ನಮ್ಮ ಹಿರಿಯರು ಕರಾವಳಿಯ ಹಳ್ಳಿಗಳಿಗೆ ಹಣ ಕಳುಹಿಸಿದ್ದು ಮನಿಯಾರ್ಡರಿನಲ್ಲಿ. ಅಂಚೆ ಇಲಾಖೆ 1880ರಲ್ಲಿ ಆರಂಭಿಸಿದ ಆ ಸೇವೆಯ ನ್ಯಾಯ ಎಷ್ಟು ಸರಳವಾಗಿತ್ತು! ಸಾಗಣೆಯ ವೆಚ್ಚವನ್ನು ಕಳುಹಿಸುವವನೇ ಅಂಚೆಕಚೇರಿಯ ಕಿಟಕಿಯಲ್ಲಿ ಕಟ್ಟುತ್ತಿದ್ದ. ಊರಿನಲ್ಲಿದ್ದ ತಾಯಿಗೆ ಪೂರ್ಣ ಮೊತ್ತ ಮನೆಬಾಗಿಲಿಗೆ ಬರುತ್ತಿತ್ತು. ಅದರೊಂದಿಗೆ ಫಾರಮಿನ ತುದಿಯಲ್ಲಿ ಬರೆದ ನಾಲ್ಕು ಸಾಲೂ ಬರುತ್ತಿತ್ತು. ಓದುಬರಹ ಬಾರದ ತಾಯಿ ಹೆಬ್ಬೆಟ್ಟೊತ್ತಿ ಹಣ ಎಣಿಸಿಕೊಳ್ಳುತ್ತಿದ್ದಳು. ಅವಳು ಯಾವ ಬ್ಯಾಂಕಿಗೂ ಅಲೆಯಬೇಕಾಗಿರಲಿಲ್ಲ, ಯಾರಿಗೂ ಕೂಲಿ ಕೊಡಬೇಕಾಗಿರಲಿಲ್ಲ. ಕೊಲ್ಲಿ ದೇಶಗಳಿಗೆ ಹೋದವರು ಊರಿಗೆ ಡ್ರಾಫ್ಟು ಕಳುಹಿಸುತ್ತಿದ್ದ ಕಾಲದಲ್ಲೂ ಅದಕ್ಕೆ ತಗಲುವ ಕಮಿಷನನ್ನು ಅಲ್ಲಿಯೇ ತೆತ್ತು ಕೊಳ್ಳುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಸಾಹುಕಾರರ ದರ್ಶನಿ ಹುಂಡಿ ಕಂಡೊಡನೆ ಹಣವಾಗುತ್ತಿತ್ತು. ಮುದ್ದತಿ ಹುಂಡಿ ಗೊತ್ತಾದ ದಿನದಂದು ಹಣವಾಗುತ್ತಿತ್ತು. ಯಾವಾಗ ಹಣವಾಗುತ್ತದೆಂಬುದು ಅದರ ಹೆಸರಿನಲ್ಲೇ ಇತ್ತು. ನಮ್ಮ ಕೈಗೆ ಬರುವ ಡಾಲರ್ ಚೆಕ್ಕಿಗೆ ಈ ಎರಡರ ಖಚಿತತೆಯೂ ಇಲ್ಲ.

ಇನ್ನು ಅಮೆರಿಕದ ಸರ್ಕಾರದ ನಡೆಯನ್ನೇ ನೋಡಬಹುದು. ಅಲ್ಲಿ ದುಡಿದು ಹಿಂತಿರುಗಿದವರಿಗೆ ತೆರಿಗೆಯ ಹಣ ಮರಳಬೇಕಾದರೆ, ನೇರ ಜಮೆಯಾಗುವುದು ಅಮೆರಿಕದ ಬ್ಯಾಂಕಿನ ಖಾತೆಗೆ ಮಾತ್ರ. ಮುಂಬೈಯ ಖಾತೆಯ ಸಂಖ್ಯೆ ಕೊಟ್ಟರೆ ಅದನ್ನು ಆ ತೆರಿಗೆ ಇಲಾಖೆ ಬಳಸುವುದಿಲ್ಲ. ಹೊರಡುವಾಗ ಖಾತೆ ಮುಚ್ಚಿಬಂದವರಿಗೆ ಉಳಿಯುತ್ತಿದ್ದುದು ಕಾಗದದ ಚೆಕ್ಕು. ಅದೇ ಸರ್ಕಾರ ತನ್ನ ಸಾಮಾಜಿಕ ಭದ್ರತೆಯ ಪಿಂಚಣಿಯನ್ನು ಅನೇಕ ಹೊರದೇಶಗಳ ಬ್ಯಾಂಕುಗಳಿಗೆ ನೇರವಾಗಿ ಕಳುಹಿಸುತ್ತದೆ. ಅಂದಮೇಲೆ ದಾರಿ ಇಲ್ಲವೆಂದಲ್ಲ. ಒಂದು ಇಲಾಖೆ ಆ ದಾರಿಯನ್ನು ತುಳಿದಿದೆ, ಇನ್ನೊಂದು ತುಳಿದಿಲ್ಲ. 2025ರ ಮಾರ್ಚ್ 25ರಂದು ಅಲ್ಲಿನ ಅಧ್ಯಕ್ಷರು ಹೊರಡಿಸಿದ ಆದೇಶವು ಆ ವರ್ಷದ ಸೆಪ್ಟೆಂಬರ್ 30ರಿಂದ ಸರ್ಕಾರಿ ಪಾವತಿಗಳಲ್ಲಿ ಕಾಗದದ ಚೆಕ್ಕನ್ನು ಕಾನೂನು ಅನುಮತಿಸುವ ಮಟ್ಟಿಗೆ ಕೈಬಿಡಬೇಕೆಂದು ಹೇಳಿತು; ಬ್ಯಾಂಕಿನ ಸೌಲಭ್ಯವಿಲ್ಲದವರಿಗೆ ವಿನಾಯಿತಿಗಳನ್ನೂ ಇರಿಸಿತು. ಚೆಕ್ಕು ಹೋಗುವುದು ಒಳ್ಳೆಯದೇ. ಆದರೆ ಅದರ ಬದಲಿಗೆ ದೇಶದಾಚೆಗೂ ತಲಪುವ ದಾರಿಯೊಂದನ್ನು ತೆರೆಯದೆ ಚೆಕ್ಕನ್ನು ಮಾತ್ರ ನಿಲ್ಲಿಸಿದರೆ, ಹೊರಗಿರುವವನಿಗೆ ಇದ್ದ ಕಷ್ಟದ ದಾರಿಯೂ ಮುಚ್ಚಿದಂತೆ.

ಜಗತ್ತಿನ ಗತಿಯೂ ಇದೇ ದಿಕ್ಕಿನಲ್ಲಿದೆ. ಡೆನ್ಮಾರ್ಕಿನ ಬ್ಯಾಂಕುಗಳು 2017ರ ಆರಂಭದಲ್ಲಿ ಚೆಕ್ಕಿಗೆ ವಿದಾಯ ಹೇಳಿದವು. ದಕ್ಷಿಣ ಆಫ್ರಿಕ 2020ರ ಕೊನೆಯ ದಿನ. ನ್ಯೂಜಿಲೆಂಡಿನ ದೊಡ್ಡ ಬ್ಯಾಂಕುಗಳು 2021ರ ಹೊತ್ತಿಗೆ. ಬ್ರಿಟನ್ನಿನಲ್ಲಿ ಮಾತ್ರ ಸ್ವಾರಸ್ಯದ ಪ್ರಸಂಗ ನಡೆಯಿತು. 2018ರೊಳಗೆ ಚೆಕ್ಕನ್ನು ಮುಗಿಸುವುದೆಂದು ಅಲ್ಲಿನ ಪಾವತಿ ಮಂಡಳಿ 2009ರಲ್ಲಿ ಘೋಷಿಸಿ, ವೃದ್ಧರ ಪರವಾದ ಸಂಸ್ಥೆಗಳೂ ಜನಪ್ರತಿನಿಧಿಗಳೂ ಎದ್ದುನಿಂತ ಮೇಲೆ 2011ರಲ್ಲಿ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಒಂದೊಂದು ದೇಶ ಚೆಕ್ಕನ್ನು ಬಿಡುತ್ತಾ ಹೋದಂತೆ, ಉಳಿದ ದೇಶಗಳ ಚೆಕ್ಕನ್ನು ಓದಬಲ್ಲ ಕೈಗಳೂ ಕಡಿಮೆಯಾಗುತ್ತವೆ. ಅಮೆರಿಕದೊಳಗೂ ಕಾಗದದ ಓಡಾಟ ನಿಂತಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನಗಳು ನೆಲಕ್ಕಿಳಿದಾಗ ಚೆಕ್ಕುಗಳ ಮೂಟೆಗಳೂ ನಿಂತಲ್ಲೇ ನಿಂತವು. ಆ ಪಾಠದಿಂದ 2003ರಲ್ಲಿ ಕಾನೂನು ಮಾಡಿ, 2004ರ ಅಕ್ಟೋಬರಿನಿಂದ ಮೂಲ ಕಾಗದದ ಬದಲು ಅದರ ಚಿತ್ರದಿಂದ ಮಾಡಿದ ಪ್ರತಿಯನ್ನು ಮಾನ್ಯ ಮಾಡಿದರು. ದೇಶದೊಳಗೆ ದೂರವನ್ನು ಗೆದ್ದವರು ದೇಶದಾಚೆಯ ದೂರವನ್ನು ಗೆಲ್ಲಲಾರರೆ?

ವಿರುದ್ಧ ದಿಕ್ಕಿನ ಪ್ರಯಾಣವೂ ಇದೆ. ಹೊರದೇಶದಲ್ಲಿರುವವರ ಹೆಸರಿಗೆ ಇಲ್ಲಿಂದ ರೂಪಾಯಿ ಚೆಕ್ಕು ಹೋಗುತ್ತದೆ: ವಿಮೆಯ ಅವಧಿ ಮುಗಿದ ಹಣ, ಷೇರಿನ ಲಾಭಾಂಶ, ಪಿತ್ರಾರ್ಜಿತದ ಪಾಲು. ಡಲ್ಲಾಸಿನ ಬ್ಯಾಂಕಿನಲ್ಲಿ ಹುಬ್ಬಳ್ಳಿಯ ಚೆಕ್ಕು ಕಟ್ಟಲು ಹೋದವರಿಗೆ ಕೌಂಟರಿನಲ್ಲಿ ಎದುರಾಗುವ ವಿಸ್ಮಯವನ್ನು ಹೇಳಬೇಕಾಗಿಲ್ಲ. ಇದಕ್ಕೆ ನಮ್ಮಲ್ಲಿ ಒಂದು ದಾರಿ ಇದೆ. ಅನಿವಾಸಿಗಳು ಎನ್‌ಆರ್‌ಒ ಖಾತೆಯನ್ನು ತೆರೆದರೆ ಇಲ್ಲಿ ಹುಟ್ಟಿದ ಆದಾಯ ಅಲ್ಲಿ ಜಮೆಯಾಗುತ್ತದೆ. ತೆರಿಗೆ ತೀರಿಸಿ, ಬೇಕಾದ ನಮೂನೆಗಳನ್ನು ಸಲ್ಲಿಸಿ, ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ಡಾಲರಿನವರೆಗೆ ಅದರಿಂದ ಹೊರಕ್ಕೆ ಕೊಂಡೊಯ್ಯಬಹುದು. ಎನ್‌ಆರ್‌ಇ ಖಾತೆ ಮುಖ್ಯವಾಗಿ ಹೊರಗಿನಿಂದ ಬಂದ ಹಣಕ್ಕೆ. ಇಲ್ಲಿನ ಮನೆಬಾಡಿಗೆಯಂಥ ಚಾಲ್ತಿ ಆದಾಯವನ್ನೂ ತೆರಿಗೆ ತೀರಿಸಿ ಅದಕ್ಕೆ ಹಾಕಬಹುದು. ವಿದೇಶಕ್ಕೆ ಹೋದ ಮೇಲೂ ಹಳೆಯ ಸಾಮಾನ್ಯ ಖಾತೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ನಿಯಮಕ್ಕೆ ಒಪ್ಪುವ ಕ್ರಮವಲ್ಲ.

ಕನ್ನಡ ಸಂಘಗಳಿಗೆ ಈ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಮೆರಿಕದಲ್ಲಿರುವ ಅಭಿಮಾನಿಯೊಬ್ಬರು ಸಂಘದ ಹೆಸರಿಗೆ ನೂರು ಡಾಲರಿನ ಚೆಕ್ಕು ಕಳುಹಿಸಿದರೆಂದು ಊಹಿಸಿ. ಅವರು ಇಂದಿಗೂ ಭಾರತದ ಪ್ರಜೆಯಾಗಿದ್ದು, ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ವಂತಿಗೆಯೆನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಅವರ ಮನೆಮಾತು ಕನ್ನಡವೇ ಆಗಿದ್ದರೂ, ಕಾನೂನಿನ ಕಣ್ಣಿನಲ್ಲಿ ಅದು ವಿದೇಶಿ ವಂತಿಗೆ. 2010ರ ಕಾಯಿದೆಯ ಪ್ರಕಾರ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಘ ಅದನ್ನು ಸ್ವೀಕರಿಸುವಂತಿಲ್ಲ. 2020ರ ತಿದ್ದುಪಡಿಯ ನಂತರ, ನೋಂದಣಿ ಇದ್ದವರೂ ಅದನ್ನು ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿಯ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ಸದುದ್ದೇಶದ ನೂರು ಡಾಲರು ಸಂಘದ ಕಾರ್ಯದರ್ಶಿಯನ್ನು ತೊಡಕಿಗೆ ಸಿಲುಕಿಸಬಲ್ಲದು. ಹಣ ಕಳುಹಿಸುವ ಮೊದಲು ಕೇಳುವುದು, ಸ್ವೀಕರಿಸುವ ಮೊದಲು ತಿಳಿಯುವುದು ಇಬ್ಬರ ಕರ್ತವ್ಯವೂ ಹೌದು.

ಬ್ಯಾಂಕುಗಳ ಕಡೆಯ ಮಾತನ್ನೂ ನ್ಯಾಯವಾಗಿ ಕೇಳಬೇಕು. ವರ್ಷಕ್ಕೆ ನಾಲ್ಕೈದು ವಿದೇಶಿ ಚೆಕ್ಕು ಬರುವ ಶಾಖೆಯ ಗುಮಾಸ್ತರು ಅದರ ವಿಧಿವಿಧಾನವನ್ನೆಲ್ಲ ಬಾಯಿಪಾಠ ಮಾಡಿರಬೇಕೆಂದು ನಿರೀಕ್ಷಿಸುವುದು ತಪ್ಪು. ಅಪರಿಚಿತ ಬ್ಯಾಂಕಿನ ಅಪರಿಚಿತ ಸಹಿಯನ್ನು ನಂಬಿ ಹಣ ಕೊಟ್ಟು, ತಿಂಗಳುಗಳ ನಂತರ ಅದು ತಿರಸ್ಕೃತವಾದರೆ ಉತ್ತರಿಸಬೇಕಾದವರು ಅವರೇ. ಪ್ರತಿನಿಧಿ ಬ್ಯಾಂಕು ತನ್ನ ಸೇವೆಯನ್ನು ನಿಲ್ಲಿಸಿದರೆ ಇಲ್ಲಿನ ಬ್ಯಾಂಕಿಗೂ ಬೇರೆ ಗತಿಯಿಲ್ಲ. ಚೆಕ್ಕಿಗೂ ತನ್ನದೇ ಗುಣಗಳಿವೆ. ಪಡೆಯುವವನ ಖಾತೆಯ ಸಂಖ್ಯೆ ತಿಳಿಯದೆ, ಹೆಸರೊಂದನ್ನೇ ಬಲ್ಲವನೂ ಅದನ್ನು ಬರೆಯಬಹುದು. ಮೊಬೈಲು ಬಳಸದವರಿಗೂ ಅದು ಅರ್ಥವಾಗುತ್ತದೆ. ಬ್ರಿಟನ್ನಿನ ವೃದ್ಧರು ಅದನ್ನು ಉಳಿಸಿಕೊಂಡದ್ದು ವ್ಯಾಮೋಹದಿಂದಲ್ಲ, ಅಗತ್ಯದಿಂದ. ಹಾಗಾಗಿ ಚೆಕ್ಕನ್ನು ಎಲ್ಲೆಡೆ ನಿಷೇಧಿಸಬೇಕೆಂಬುದು ನಮ್ಮ ವಾದವಲ್ಲ. ತವರಿನೊಳಗೆ ಅದು ಇರಲಿ. ಗಡಿ ದಾಟುವ ಹಣಕ್ಕೆ ಅದನ್ನು ವಾಹನವಾಗಿಸಬಾರದು ಎಂಬುದಷ್ಟೇ ನಮ್ಮ ಮಾತು. ಗಡಿ ದಾಟಿಯೂ ಹಣವನ್ನು ಕ್ಷಣದಲ್ಲಿ ತಲುಪಿಸಬಹುದೆಂಬುದಕ್ಕೆ 2023ರ ಫೆಬ್ರವರಿಯಲ್ಲಿ ಭಾರತದ ಯುಪಿಐಗೂ ಸಿಂಗಪುರದ ಪೇನೌಗೂ ಹಾಕಿದ ಸೇತುವೆಯೇ ಸಾಕ್ಷಿ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದು ಕೊಡುವವರಿಗೆ ಸಂಬಂಧಿಸಿದ್ದು. ಸರ್ಕಾರವಿರಲಿ, ವಿಶ್ವವಿದ್ಯಾಲಯವಿರಲಿ, ಪತ್ರಿಕೆಯಿರಲಿ, ಪಡೆಯುವವರು ಬೇರೆ ದೇಶದಲ್ಲಿದ್ದಾರೆಂದು ತಿಳಿದೂ ಚೆಕ್ಕು ಕಳುಹಿಸುವುದನ್ನು ಪೂರ್ಣ ಪಾವತಿಯೆಂದು ಪರಿಗಣಿಸಬಾರದು. ಹಣ ಖಾತೆ ತಲಪಿದಾಗಲೇ ಸಾಲ ತೀರಿತೆಂಬ ಭಾವನೆ ಬರಬೇಕು. ಸಾಗಣೆಯ ಶುಲ್ಕ ಅವರ ಲೆಕ್ಕಕ್ಕೆ ಸೇರಬೇಕು. ಎರಡನೆಯದು ನಮ್ಮ ಬ್ಯಾಂಕುಗಳಿಗೆ. ವಿದೇಶಿ ಚೆಕ್ಕನ್ನು ಸ್ವೀಕರಿಸುತ್ತೀರೋ ಇಲ್ಲವೋ, ಸ್ವೀಕರಿಸಿದರೆ ಯಾವ ಶಾಖೆಯಲ್ಲಿ, ಎಷ್ಟು ಶುಲ್ಕ, ಎಷ್ಟು ದಿನ, ಜಮೆ ತಾತ್ಕಾಲಿಕವೋ ಅಂತಿಮವೋ ಎಂಬುದನ್ನು ಒಂದು ಹಾಳೆಯಲ್ಲಿ, ಗ್ರಾಹಕರ ಭಾಷೆಯಲ್ಲಿ, ಕೌಂಟರಿನ ಮುಂದೆ ಅಂಟಿಸಿ. 'ಇಲ್ಲ' ಎಂಬ ಉತ್ತರವೂ ಸ್ಪಷ್ಟವಾಗಿದ್ದರೆ ಅದೊಂದು ಸೇವೆಯೇ. ಮೂರು ಶಾಖೆಗಳ ಅಲೆದಾಟವನ್ನು ಅದು ಉಳಿಸುತ್ತದೆ. ಹಣ ಬಂದಾಗ ಪ್ರತಿ ಕಡಿತದ ವಿವರ ಗ್ರಾಹಕರಿಗೆ ಸಿಗಲಿ. ಬ್ಯಾಂಕಿಗೆ ಬರೆದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮರ್ಪಕವಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯುವ ಹಕ್ಕು ಎಲ್ಲರಿಗೂ ಇದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ.

ಮೂರನೆಯದು ನಮಗೇ ಸಂಬಂಧಿಸಿದ್ದು. ವಿದೇಶದ ಕೆಲಸ ಮುಗಿಸಿ ಹಿಂತಿರುಗುವವರು ಬರಬೇಕಾದ ಹಣವೆಲ್ಲ ಬರುವ ತನಕ ಅಲ್ಲಿನ ಖಾತೆಯನ್ನು ಮುಚ್ಚದಿರುವುದು ಲೇಸು. ಲೇಖನಕ್ಕೋ ಅನುವಾದಕ್ಕೋ ಒಪ್ಪುವಾಗಲೇ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಬರಲೆಂದು ಬರೆದು ಕೇಳುವುದರಲ್ಲಿ ಸಂಕೋಚವೇನಿಲ್ಲ. ಚೆಕ್ಕಿನಲ್ಲಿರುವ ಹೆಸರೂ ಖಾತೆಯ ಹೆಸರೂ ಅಕ್ಷರಕ್ಷರ ಹೊಂದುತ್ತವೆಯೇ ಎಂದು ನೋಡಬೇಕು. ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಇನಿಷಿಯಲ್ಲಾಗಿ ಇಟ್ಟುಕೊಳ್ಳುವ ನಮ್ಮವರಿಗೆ ಎಡವಟ್ಟಾಗುವುದು ಬಹುಪಾಲು ಅಲ್ಲಿಯೇ. ಕಟ್ಟುವ ಮೊದಲು ಎರಡೂ ಬದಿಯ ನಕಲು ತೆಗೆದಿಟ್ಟುಕೊಂಡು, ಕಟ್ಟಿದ್ದಕ್ಕೆ ಸ್ವೀಕೃತಿ ಪಡೆಯಬೇಕು. ಅವಧಿ ಮೀರಿದ ತೆರಿಗೆ ಮರುಪಾವತಿಯ ಚೆಕ್ಕಿನಿಂದ ಹಕ್ಕೇ ಅಳಿಯಿತೆಂದು ತಿಳಿದು ಹರಿದುಹಾಕಬಾರದು. ಬದಲಿ ಪಾವತಿಯನ್ನು ಕೇಳಲು ಅವಕಾಶವಿದೆ. ಸಂಘಗಳಲ್ಲಿ ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಕನ್ನಡಿಗರಿಗೆ ಕೊರತೆಯಿಲ್ಲ. ಪುಸ್ತಕ ಬಿಡುಗಡೆಯ ಸಭೆಯ ನಂತರ ಅರ್ಧ ಗಂಟೆ ಅವರು ಕುಳಿತು ಹಿರಿಯರ ಕಾಗದಪತ್ರಗಳನ್ನು ನೋಡಿಕೊಟ್ಟರೆ ಅದು ಯಾವ ಉಪನ್ಯಾಸಕ್ಕೂ ಕಡಿಮೆಯಾದ ಸೇವೆಯಲ್ಲ.

ದುಡಿಮೆಗೆ ಸಂದ ಹಣ ದಾನವಲ್ಲ. ಅದನ್ನು ಪಡೆಯುವವನು ಬೇಡುವವನೂ ಅಲ್ಲ. ಮನಿಯಾರ್ಡರನ್ನು ಎಣಿಸಿಕೊಂಡ ಆ ತಾಯಿಗಿದ್ದ ಗೌರವ ನಮ್ಮ ಪುಣೆಯ ಹಿರಿಯರಿಗೂ ಸಿಗಬೇಕು. ಕಳುಹಿಸುವವರು ಮನಸ್ಸು ಮಾಡಿದರೆ ಅದಕ್ಕೆ ಬೇಕಾದ ದಾರಿಗಳು ಈಗಾಗಲೇ ಇವೆ.